ತರಗೆಲೆಯಿಂದ ಆರಂಭಿಸಿ: ಕಾಸರಗೋಡಿನ ಅಡಿಕೆ ತೋಟದಲ್ಲಿ ಪುನರುಜ್ಜೀವನ ಕೃಷಿ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಒಂದು ಎಕರೆ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿತ್ತೆಂದರೆ ಅದು ನಾಲ್ಕು ಸಾವಿರ ಲೀಟರಿಗಿಂತ ತುಸು ಹೆಚ್ಚು ನೀರು; ಆ ಲೆಕ್ಕದಲ್ಲಿ ನಮ್ಮ ಒಂದೊಂದು ಎಕರೆ ತೋಟಕ್ಕೂ ಪ್ರತಿ ವರ್ಷ 1 ಕೋಟಿ 40 ಲಕ್ಷ ಲೀಟರ್ ನೀರು ಪುಕ್ಕಟೆಯಾಗಿ ಬಂದು ಬೀಳುತ್ತದೆ. ಹಾಗಿದ್ದೂ ಎಣ್ಮಕಜೆ, ಪೈವಳಿಕೆ, ಬದಿಯಡ್ಕ, ಬೆಳ್ಳೂರು ಕಡೆಯ ಅನೇಕ ತೋಟಗಳಲ್ಲಿ ಫೆಬ್ರವರಿ ಕಳೆಯುವಷ್ಟರಲ್ಲಿ ಬಾವಿಯ ತಳ ಕಾಣುತ್ತದೆ, ಕೊಳವೆಬಾವಿಯ ಪಂಪು ಗಾಳಿ ಎಳೆಯತೊಡಗುತ್ತದೆ. ಮುರಕಲ್ಲಿನ ಗುಡ್ಡ, ಕಡಿದಾದ ಇಳಿಜಾರು, ನಾಲ್ಕೇ ತಿಂಗಳಲ್ಲಿ ಮುಗಿದುಹೋಗುವ ಮಳೆ, ಇವೆಲ್ಲ ಕಾರಣಗಳೇ ಹೌದು. ಆದರೆ ನಮ್ಮ ಕೈಯಲ್ಲಿರುವ ಕಾರಣ ಒಂದೇ: ಮಳೆನೀರನ್ನು ಕುಡಿಯಬೇಕಾದ ಮಣ್ಣಿನ ಮೇಲ್ಪದರವನ್ನು ನಾವು ಗುಡಿಸಿ, ಅಗೆದು, ಕಳೆನಾಶಕ ಹೊಡೆದು ಗಟ್ಟಿ ನೆಲವಾಗಿಸಿದ್ದೇವೆ.

ಆ ಪದರವನ್ನು ಮತ್ತೆ ಜೀವಂತವಾಗಿಸುವ ಬೇಸಾಯಕ್ಕೆ ಪುನರುಜ್ಜೀವನ ಕೃಷಿ ಎಂದು ಹೆಸರು. ಇಂಗ್ಲಿಷಿನಿಂದ ಬಂದ ರೀಜನರೇಟಿವ್ ಎಂಬ ಮಾತನ್ನು ಕೃಷಿಯ ಜೊತೆಗೆ ಸೇರಿಸಿ 1980ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ರಾಬರ್ಟ್ ರೊಡೇಲ್. ನೆಲವನ್ನು ಸದಾ ಮುಚ್ಚಿಡುವುದು, ಸಾಧ್ಯವಾದಷ್ಟು ಕಡಿಮೆ ಅಗೆಯುವುದು, ವರ್ಷವಿಡೀ ಮಣ್ಣಿನಲ್ಲಿ ಜೀವಂತ ಬೇರು ಇರುವಂತೆ ನೋಡಿಕೊಳ್ಳುವುದು, ಒಂದೇ ಬೆಳೆಯ ಬದಲು ಹಲವನ್ನು ಬೆರೆಸುವುದು, ಜಾನುವಾರನ್ನು ತೋಟದ ಭಾಗವಾಗಿ ಸಾಕುವುದು ಇದರ ಸಾರ. ಇದನ್ನು ಕೇಳಿದೊಡನೆ ‘ನಮ್ಮ ಅಜ್ಜಂದಿರು ಮಾಡುತ್ತಿದ್ದುದೂ ಇದನ್ನೇ’ ಎನ್ನುವವರಿದ್ದಾರೆ. ಆ ಮಾತು ಅರ್ಧ ಮಾತ್ರ ಸತ್ಯ. ಹಿಂದಿನವರು ತೋಟಕ್ಕೆ ಹಾಕುತ್ತಿದ್ದ ಸೊಪ್ಪು ಮತ್ತು ತರಗೆಲೆಯ ಬಹುಪಾಲು ಕುಮ್ಕಿ ಗುಡ್ಡದಿಂದ, ಅಂದರೆ ಸೊಪ್ಪು ತರಲು ಕೃಷಿಕರಿಗೆ ಹಕ್ಕಿದ್ದ ಪಕ್ಕದ ಸರ್ಕಾರಿ ಗುಡ್ಡದಿಂದ, ಬರುತ್ತಿತ್ತು. ವರ್ಷ ವರ್ಷವೂ ಗುಡ್ಡವನ್ನು ಗುಡಿಸಿ ತಂದು ತೋಟಕ್ಕೆ ಸುರಿದಾಗ ತೋಟ ಕಪ್ಪಾಯಿತು, ಗುಡ್ಡ ಕೆಂಪಾಯಿತು. ಗುಡ್ಡ ಬೋಳಾದ ಮೇಲೆ ನೀರಿಗಾಗಿ ಅದರ ಹೊಟ್ಟೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗಕ್ಕೆ ನೀರು ಎಲ್ಲಿಂದ ಜಿನುಗಬೇಕು? ಆದ್ದರಿಂದ ಈ ಲೇಖನದಲ್ಲಿ ಹೇಳುವ ಕ್ರಮದ ಮೊದಲ ನಿಯಮವೆಂದರೆ, ತೋಟದ ಗೊಬ್ಬರ ಆದಷ್ಟೂ ತೋಟದೊಳಗೇ ಹುಟ್ಟಬೇಕು, ಗುಡ್ಡದ ತರಗೆಲೆ ಗುಡ್ಡದಲ್ಲೇ ಉಳಿಯಬೇಕು.

ಮೊದಲು ಮಣ್ಣನ್ನು ನೋಡಿ

ಇಡೀ ತೋಟದಲ್ಲಿ ಒಮ್ಮೆಲೇ ಆರಂಭಿಸಬೇಡಿ. ಕಾಲು ಎಕರೆಯನ್ನು ಗುರುತು ಮಾಡಿಕೊಳ್ಳಿ, 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟವಾದರೆ ಅದರಲ್ಲಿ ಸುಮಾರು 135ರಿಂದ 140 ಮರಗಳಿರುತ್ತವೆ, ಮನೆಯವರೇ ನೋಡಿಕೊಳ್ಳಬಹುದಾದಷ್ಟು. ಆರಂಭಕ್ಕೆ ಅಕ್ಟೋಬರ್ ಕೊನೆ ಅಥವಾ ನವೆಂಬರ್ ಒಳ್ಳೆಯ ಕಾಲ. ಮಳೆ ಹಿಂದೆ ಸರಿದಿರುತ್ತದೆ, ಮಣ್ಣಿನಲ್ಲಿ ಹದ ಇನ್ನೂ ಉಳಿದಿರುತ್ತದೆ.

ಈ ಕಾಲು ಎಕರೆಯಲ್ಲಿ ಮೂರು ಪರೀಕ್ಷೆಗಳನ್ನು ಮಾಡಿ ಫಲಿತಾಂಶವನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಬೇಕು. ಒಂದನೆಯದು ಎರೆಹುಳುಗಳ ಎಣಿಕೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಮಣ್ಣನ್ನು ಗೋಣಿಚೀಲದ ಮೇಲೆ ತೆಗೆದು ಹುಡಿಮಾಡುತ್ತ ಹುಳುಗಳನ್ನು ಎಣಿಸಿ. ಹತ್ತಕ್ಕಿಂತ ಹೆಚ್ಚಿದ್ದರೆ ಸಮಾಧಾನಪಡಬಹುದು, ಎರಡೋ ಮೂರೋ ಇದ್ದರೆ ಕೆಲಸ ಬಹಳವಿದೆ. ಎರಡನೆಯದು ನೀರು ಇಂಗುವ ಪರೀಕ್ಷೆ. 15 ಸೆಂಟಿಮೀಟರ್ ವ್ಯಾಸದ ಪಿವಿಸಿ ಪೈಪಿನ ತುಂಡನ್ನು ನೆಲಕ್ಕೆ ಅರ್ಧದಷ್ಟು ಬಡಿದು, ಒಳಗೆ 440 ಮಿಲಿಲೀಟರ್ ನೀರು ಹೊಯ್ದು, ಅದು ಪೂರ್ತಿ ಇಂಗುವವರೆಗೆ ಗಡಿಯಾರ ನೋಡಿ. ಈ ಅಳತೆಯ ನೀರು 25 ಮಿಲಿಮೀಟರ್ ಮಳೆಗೆ ಸಮ. ಕಾಲುದಾರಿಯ ಪಕ್ಕದಲ್ಲಿ, ಮರದ ಬುಡದಲ್ಲಿ, ಗುಡ್ಡದ ಕಾಡಿನಡಿಯಲ್ಲಿ ಹೀಗೆ ಮೂರು ಕಡೆ ಮಾಡಿ ನೋಡಿದರೆ ಸಿಗುವ ವ್ಯತ್ಯಾಸವೇ ಮುಂದಿನ ಕೆಲಸಕ್ಕೆ ಪ್ರೇರಣೆಯಾಗುತ್ತದೆ. ಮೂರನೆಯದು ಕೃಷಿಭವನದ, ಅಂದರೆ ಊರಿನ ಸರ್ಕಾರಿ ಕೃಷಿ ಕಚೇರಿಯ, ಮೂಲಕ ಮಾಡಿಸುವ ಮಣ್ಣು ಪರೀಕ್ಷೆ. ಹತ್ತು ಹದಿನೈದು ಕಡೆಯಿಂದ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟು ಕೊಟ್ಟರೆ ಸಾಕು. ವರದಿಯಲ್ಲಿ ಎರಡು ಅಂಕಿಗಳನ್ನು ಮುಖ್ಯವಾಗಿ ಗಮನಿಸಬೇಕು. ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕಡಿಮೆಯಿದ್ದರೆ ಮಣ್ಣು ಬಡಕಲು, 0.75ಕ್ಕಿಂತ ಮೇಲಿದ್ದರೆ ಉತ್ತಮ. ನಮ್ಮ ಮುರಮಣ್ಣು ಸ್ವಭಾವತಃ ಹುಳಿ, ರಸಸಾರ (ಪಿಎಚ್) 5.5ಕ್ಕಿಂತ ಕೆಳಗಿದ್ದರೆ ವರದಿಯ ಸಲಹೆಯಂತೆ ಸುಣ್ಣ ಅಥವಾ ಡೊಲೊಮೈಟ್ ಹಾಕದೆ ಉಳಿದ ಯಾವ ಉಪಚಾರವೂ ಪೂರ್ತಿ ಫಲ ಕೊಡುವುದಿಲ್ಲ.

ಹಾಕುವುದಕ್ಕಿಂತ ಮೊದಲು ನಿಲ್ಲಿಸುವುದು

ಹೊಸ ಪದ್ಧತಿಗೆ ಇಳಿಯುವವರು ಸಾಮಾನ್ಯವಾಗಿ ಮೊದಲು ಅಂಗಡಿಗೆ ಹೋಗುತ್ತಾರೆ. ಬಾಟಲಿಯಲ್ಲಿ ಬರುವ ಸೂಕ್ಷ್ಮಾಣು ದ್ರಾವಣ, ಚೀಲದಲ್ಲಿ ಬರುವ ಸಾವಯವ ಗೊಬ್ಬರ ಇವುಗಳಿಗೆ ಹಣ ಸುರಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲ ವರ್ಷ ಕೊಳ್ಳಬೇಕಾದದ್ದು ಬಹಳ ಕಡಿಮೆ, ನಿಲ್ಲಿಸಬೇಕಾದದ್ದೇ ಹೆಚ್ಚು.

ಕಳೆನಾಶಕವನ್ನು ನಿಲ್ಲಿಸಿ. ಕೇರಳ ಸರ್ಕಾರ ಗ್ಲೈಫೋಸೇಟ್ ಎಂಬ ಕಳೆನಾಶಕದ ಮೇಲೆ 2019ರ ಫೆಬ್ರವರಿಯಲ್ಲಿ ನಿಷೇಧ ಹೇರಿತು. ಕಾನೂನಿನ ಮಾತು ಹಾಗಿರಲಿ, ಹುಲ್ಲನ್ನು ಬೇರುಸಹಿತ ಕೊಂದ ನೆಲ ಮೊದಲ ಮಳೆಗೇ ಕೊಚ್ಚಿಹೋಗುವುದನ್ನು ಯಾರು ಬೇಕಾದರೂ ಕಣ್ಣಾರೆ ನೋಡಬಹುದು. ಹುಲ್ಲನ್ನು ಯಂತ್ರದಿಂದ ಬುಡದ ಮೇಲೆ ನಾಲ್ಕು ಬೆರಳು ಬಿಟ್ಟು ಸವರಿ, ಅಲ್ಲಿಯೇ ಬಿಡಿ. ಅಡಿಕೆಯ ಸಿಪ್ಪೆ, ಸೋಗೆ, ಕಸಕಡ್ಡಿ ಸುಡುವುದನ್ನೂ ನಿಲ್ಲಿಸಬೇಕು. ಸಿಪ್ಪೆಯಲ್ಲಿ ಪೊಟ್ಯಾಷ್ ಧಾರಾಳವಾಗಿದೆ. ಅದು ಕರಗಲು ವರ್ಷಗಟ್ಟಲೆ ತೆಗೆದುಕೊಂಡರೂ ಮಣ್ಣನ್ನು ಮುಚ್ಚುವ ಕೆಲಸವನ್ನು ಮೊದಲ ದಿನದಿಂದಲೇ ಮಾಡುತ್ತದೆ.

ಮೂರನೆಯದಾಗಿ, ಪ್ರತಿ ವರ್ಷ ಮರದ ಸುತ್ತ ಬುಡ ಬಿಡಿಸುವ ಅಗೆತವನ್ನು ಕೈಬಿಡಿ. ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಒಂದು ಮೀಟರಿನೊಳಗೆ, ಮೇಲ್ಮಣ್ಣಿನಲ್ಲೇ ಹರಡಿಕೊಂಡಿರುತ್ತವೆ. ಪಿಕ್ಕಾಸು ಬಿದ್ದಾಗಲೆಲ್ಲ ತುಂಡಾಗುವುದು ಅವೇ. ಗೊಬ್ಬರವನ್ನು ಮೇಲೆಯೇ ಹರಡಿ ಸೋಗೆಯಿಂದ ಮುಚ್ಚಿದರೆ ಅದನ್ನು ಕೆಳಗಿಳಿಸುವ ಕೆಲಸವನ್ನು ಎರೆಹುಳುಗಳು ಮಾಡುತ್ತವೆ.

ಮುಚ್ಚಿಗೆ

ಅಡಿಕೆ ಮರವೊಂದು ವರ್ಷಕ್ಕೆ ಆರೇಳು ಸೋಗೆಗಳನ್ನು ಉದುರಿಸುತ್ತದೆ. ಎಕರೆಗೆ 550 ಮರಗಳೆಂದರೆ ಮೂರೂವರೆ ಸಾವಿರದಷ್ಟು ಸೋಗೆ. ಇಷ್ಟು ವಸ್ತು ತಾನಾಗಿ ಬೀಳುತ್ತಿರುವಾಗ ಮುಚ್ಚಿಗೆಗಾಗಿ ಗುಡ್ಡಕ್ಕೆ ಹೋಗುವ ಅಗತ್ಯವಿಲ್ಲ. ಸೋಗೆಯನ್ನು ಒಂದೂವರೆ ಎರಡು ಅಡಿಯ ತುಂಡುಗಳಾಗಿ ಕಡಿದು, ಸಾಲುಗಳ ನಡುವೆ ಇಳಿಜಾರಿಗೆ ಅಡ್ಡವಾಗಿ ಹಾಸಬೇಕು. ಉದ್ದಕ್ಕೆ ಹಾಸಿದರೆ ನೀರು ಅದರ ಕೆಳಗೆ ಓಡುತ್ತದೆ, ಅಡ್ಡಕ್ಕೆ ಹಾಸಿದರೆ ಪ್ರತಿ ತುಂಡೂ ಪುಟ್ಟ ಕಟ್ಟೆಯಾಗುತ್ತದೆ. ಸೋಗೆಯ ಬುಡದಲ್ಲಿರುವ ಹಾಳೆಯ ವಿಷಯದಲ್ಲಿ ಒಂದು ಮಾತು: ಹಾಳೆತಟ್ಟೆಯ ಉದ್ಯಮದಿಂದ ನಾಲ್ಕು ಕಾಸು ಸಿಗುತ್ತದೆ ಎಂದು ಎಲ್ಲ ಹಾಳೆಯನ್ನೂ ಮಾರುವವರು, ತೋಟದ ಫಲವತ್ತತೆಯ ಒಂದು ಪಾಲನ್ನೂ ಅದರೊಂದಿಗೆ ಲಾರಿಗೇರಿಸುತ್ತಿದ್ದಾರೆ ಎಂಬುದು ನೆನಪಿನಲ್ಲಿರಬೇಕು. ಮಾರುವುದಾದರೆ ಅಷ್ಟು ಗೊಬ್ಬರವನ್ನು ಮರಳಿ ಕೊಡುವ ಲೆಕ್ಕವೂ ಇರಲಿ.

ಮುಚ್ಚಿಗೆಯಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುವುದು ಒಳ್ಳೆಯದು. ಮೊದಲ ವರ್ಷದ ಉತ್ಸಾಹದಲ್ಲಿ ಬೈಲಿನಲ್ಲಿರುವ ತಗ್ಗು ತೋಟಕ್ಕೂ ಒಂದಡಿ ದಪ್ಪಕ್ಕೆ ಹಸಿಸೊಪ್ಪು ಹೇರಿ, ನೀರು ಬಸಿಯುವ ಕಣಿಗಳೂ ಕಾಣದಂತೆ ಮುಚ್ಚಿಬಿಟ್ಟಿದ್ದೆ. ಆ ಆಟಿ ತಿಂಗಳಿನಲ್ಲಿ, ಅಂದರೆ ಜುಲೈ ಆಗಸ್ಟಿನಲ್ಲಿ, ನೀರು ಬಸಿಯದೆ ನಿಂತು, ಬೇರುಗಳು ಕೊಳೆತು, ಹತ್ತಿಪ್ಪತ್ತು ಮರಗಳ ಸೋಗೆ ಹಳದಿಗೆ ತಿರುಗಿತು. ಬೆಟ್ಟುತೋಟಕ್ಕೆ ಹೇಳುವ ಮಾತನ್ನು ಬೈಲುತೋಟಕ್ಕೆ ಹೇಳಬಾರದು. ತಗ್ಗಿನಲ್ಲಿ ಬಸಿಗಾಲುವೆಯನ್ನು ಪತ್ತನಾಜೆಗಿಂತ, ಅಂದರೆ ಮೇ ಕೊನೆಯ ವಾರಕ್ಕಿಂತ, ಮೊದಲೇ ಬಿಡಿಸಿ, ಮಳೆಗಾಲದಲ್ಲಿ ಮುಚ್ಚಿಗೆಯನ್ನು ತೆಳ್ಳಗೆ ಇಟ್ಟು, ನವೆಂಬರ್ ನಂತರ ದಪ್ಪ ಮಾಡಬೇಕು. ಎಲ್ಲಿಯೇ ಆದರೂ ಕಾಂಡಕ್ಕೆ ತಾಗಿಸದೆ ಒಂದು ಗೇಣು ಬಿಟ್ಟು ಹಾಸಬೇಕು, ಇಲ್ಲವಾದರೆ ಗೆದ್ದಲು ಹಿಡಿಯುತ್ತದೆ.

ಜೀವಂತ ಬೇರು, ಬೆರಕೆ ಬೆಳೆ

ಒಣ ಹೊದಿಕೆಗಿಂತ ಜೀವಂತ ಹೊದಿಕೆ ಮೇಲು. ಬೇರುಗಳಿಂದ ಒಸರುವ ಸಕ್ಕರೆಯಂಥ ರಸವನ್ನು ಉಂಡು ಮಣ್ಣಿನ ಸೂಕ್ಷ್ಮಜೀವಿಗಳು ಬದುಕುತ್ತವೆ. ಅವು ಸ್ರವಿಸುವ ಅಂಟಿನಿಂದಲೇ ಮಣ್ಣಿನ ಕಣಗಳು ಉಂಡೆಗಟ್ಟಿ, ನಡುವೆ ನೀರು ಮತ್ತು ಗಾಳಿಗೆ ದಾರಿಯಾಗುತ್ತದೆ. ಹೊಸದಾಗಿ ನೆಟ್ಟ, ಬಿಸಿಲು ಬೀಳುವ ತೋಟದಲ್ಲಿ ಮೊದಲ ಮಳೆಗೆ ಅಪ್ಸೆಣಬು, ಡಯಾಂಚ ಅಥವಾ ಅಲಸಂಡೆ ಬಿತ್ತಿ, ಹೂ ಬಿಡುವ ಹೊತ್ತಿಗೆ ಸವರಿ ಮಲಗಿಸಿ. ನೆರಳು ಹೆಚ್ಚಿರುವ ಹಳೆಯ ತೋಟದಲ್ಲಿ ಅವು ಸೊರಗುತ್ತವೆ. ಅಲ್ಲಿ ಹಳದಿ ಹೂವಿನ ನೆಲಶೇಂಗಾ ಜಾತಿಯ ಅರಾಕಿಸ್ ಪಿಂಟೋಯಿಯನ್ನು ಬಳ್ಳಿ ತುಂಡುಗಳಿಂದ ಹಬ್ಬಿಸಬಹುದು. ರಬ್ಬರ್ ತೋಟದಲ್ಲಿ ಕಾಣುವ ಮ್ಯೂಕುನಾ ಬಳ್ಳಿಯನ್ನು ಎಳೆಯ ಅಡಿಕೆ ತೋಟಕ್ಕೆ ತರಬೇಡಿ. ಅದು ಗಿಡದ ಸುಳಿಗೇ ಏರಿ ಉಸಿರು ಕಟ್ಟಿಸುತ್ತದೆ. ಬೇಲಿಯುದ್ದಕ್ಕೂ ಗ್ಲಿರಿಸಿಡಿಯಾ, ಅಂದರೆ ನಾವು ಗೊಬ್ಬರದ ಗಿಡ ಎನ್ನುವುದನ್ನು, ಮಳೆಯ ಆರಂಭದಲ್ಲಿ ಗೂಟವಾಗಿ ನೆಟ್ಟರೆ ಎರಡನೆಯ ವರ್ಷದಿಂದ ವರ್ಷಕ್ಕೆ ಎರಡು ಮೂರು ಬಾರಿ ಸೊಪ್ಪು ಕಡಿಯಬಹುದು. ಗುಡ್ಡದ ಸೊಪ್ಪಿನ ಮೇಲಿನ ಅವಲಂಬನೆ ತಪ್ಪುವುದು ಹೀಗೆ.

ಮಿಶ್ರಬೆಳೆ ನಮ್ಮವರಿಗೆ ಹೊಸತಲ್ಲ. ಮರಕ್ಕೆ ಕರಿಮೆಣಸು, ನಡುವೆ ಬಾಳೆ, 2.7ಕ್ಕೆ 5.4 ಮೀಟರ್ ಅಂತರದಲ್ಲಿ ಕೊಕ್ಕೋ, ಅಲ್ಲಲ್ಲಿ ಜಾಯಿಕಾಯಿ ಇದ್ದರೆ ಬೇರೆ ಬೇರೆ ಆಳದ ಬೇರುಗಳು ಬೇರೆ ಬೇರೆ ಪದರದಿಂದ ಆಹಾರ ಎತ್ತಿಕೊಳ್ಳುತ್ತವೆ. ಕೊಕ್ಕೋದ ಎಲೆ ಉದುರುವ ಪ್ರಮಾಣ ಎಷ್ಟೆಂದರೆ ಕೆಲವೇ ವರ್ಷಗಳಲ್ಲಿ ನೆಲದ ಬಣ್ಣ ಬದಲಾಗುತ್ತದೆ.

ಹಟ್ಟಿ ಮತ್ತು ಗೊಬ್ಬರದ ಗುಂಡಿ

ಕಾಸರಗೋಡು ಗಿಡ್ಡ ಎಂದು ಹೆಸರಾದ ಪುಟ್ಟ ಹಸು ಈ ಬೇಸಾಯಕ್ಕೆ ಹೇಳಿಮಾಡಿಸಿದ ಜೀವ. ಹಾಲು ಕಡಿಮೆಯೆಂಬುದು ನಿಜ. ಆದರೆ ಮೇವಿನ ಖರ್ಚೂ ಕಡಿಮೆ, ನಮ್ಮ ಸೆಖೆ ಮಳೆಗಳನ್ನು ತಾಳಿಕೊಳ್ಳುವ ಶಕ್ತಿ ಹೆಚ್ಚು. ಹಟ್ಟಿಗೆ ತರಗೆಲೆಯ ಬದಲು ಸವರಿದ ಹುಲ್ಲು, ಕಡಿದ ಸೋಗೆ ಹಾಕಿದರೆ ಗೋಮೂತ್ರವೂ ಅದರಲ್ಲಿ ಇಂಗಿ ಉಳಿಯುತ್ತದೆ. ಜೀವಾಮೃತವನ್ನು 200 ಲೀಟರ್ ನೀರಿಗೆ 10 ಕಿಲೋ ಸೆಗಣಿ, ಐದರಿಂದ ಹತ್ತು ಲೀಟರ್ ಗೋಮೂತ್ರ, ಒಂದೆರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಬೆರೆಸಿ 48 ಗಂಟೆ ಇಟ್ಟು ಬಳಸುವವರು ಇಲ್ಲಿಯೂ ಬಹಳ. ಮಾಡಬಹುದು, ಆದರೆ ಮುಚ್ಚಿಗೆಯಿಲ್ಲದ ಬರಿನೆಲಕ್ಕೆ ಜೀವಾಮೃತ ಸುರಿದು ಫಲ ನಿರೀಕ್ಷಿಸುವುದು ಒಲೆಯಿಲ್ಲದೆ ಅನ್ನ ಬೇಯಿಸಿದಂತೆ.

ಎರೆಗೊಬ್ಬರಕ್ಕೆ ಸೋಗೆಯನ್ನು ಗೇಣುದ್ದಕ್ಕೆ ಕಡಿದು, ಸೆಗಣಿ ನೀರು ಚಿಮುಕಿಸಿ, ಎರಡು ವಾರ ಕೊಳೆಯಲು ಬಿಟ್ಟು, ಬಿಸಿ ಇಳಿದ ಮೇಲೆ ಹುಳು ಬಿಡಬೇಕು. ತೇವ ಆರದಂತೆ, ನೇರ ಮಳೆ ಬೀಳದಂತೆ ನೋಡಿಕೊಂಡರೆ ಎರಡೂವರೆ ಮೂರು ತಿಂಗಳಲ್ಲಿ ಚಹಾಪುಡಿಯಂಥ ಗೊಬ್ಬರ ಸಿಗುತ್ತದೆ. ಗೊಬ್ಬರದ ಗುಂಡಿ ತೆಂಗಿನ ಕುರುವಾಯಿ ಹುಳುವಿನ ಹೆರಿಗೆಮನೆಯೂ ಹೌದೆಂಬುದನ್ನು ಮರೆಯಬಾರದು. ಗುಂಡಿಯನ್ನು ಆಗಾಗ ಮಗುಚಿ ಬಿಳಿ ಮರಿಹುಳುಗಳನ್ನು ಹೆಕ್ಕಿ ಕೋಳಿಗೆ ಹಾಕುವುದು ಹಳೆಯ ಉಪಾಯ. ಮೆಟಾರೈಸಿಯಂ ಎಂಬ ಹಸಿರು ಶಿಲೀಂಧ್ರವನ್ನು ಗುಂಡಿಗೆ ಬೆರೆಸುವುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ, ಹೇಳುವ ಉಪಾಯ.

ನೀರನ್ನು ನಿಲ್ಲಿಸುವ ಜಾಗ

ಬೆಟ್ಟಿನಲ್ಲಿ ಬಿದ್ದ ನೀರು ಬೈಲಿಗೆ ಬರುವ ಮೊದಲು ಮೂರು ಕಡೆ ನಿಲ್ಲಬೇಕು. ಇಳಿಜಾರಿನ ತೆಂಗಿನ ತೋಟದಲ್ಲಿ ಅರ್ಧ ಮೀಟರ್ ಅಗಲ, ಅಷ್ಟೇ ಆಳದ ಕಣಿಯನ್ನು ಸಮಪಾತಳಿಗೆ ತೋಡಿ, ತೆಂಗಿನ ಸಿಪ್ಪೆಯನ್ನು ಒಳಮೈ ಮೇಲಾಗಿ ಜೋಡಿಸಿ ತುಂಬಿ, ಕೆಳಬದಿಯ ದಂಡೆಯಲ್ಲಿ ಅನಾನಸು ನೆಡುವುದು ಸಿಪಿಸಿಆರ್‌ಐ ಶಿಫಾರಸು ಮಾಡಿದ ಸುಲಭ ವಿಧಾನ. ಮೇಲಿನ ಅಡಿಕೆ ತೋಟದ ಅಂಚಿನಲ್ಲಿಯೂ ಇದನ್ನು ಮಾಡಬಹುದು. ಗುಡ್ಡದ ಮೇಲೆ ಮದಕ, ಅಂದರೆ ಮಳೆನೀರು ನಿಲ್ಲುವ ಕೆರೆ, ಇದ್ದರೆ ಅದರ ಹೂಳೆತ್ತಿಸಿ. ಸುರಂಗವುಳ್ಳವರು ಅದರ ನೆತ್ತಿಯ ಮೇಲಿನ ಗುಡ್ಡವನ್ನು ಗುಡಿಸದೆ, ಅಲ್ಲಿನ ಕುರುಚಲು ಕಾಡನ್ನು ಹಾಗೆಯೇ ಬಿಡಬೇಕು. ತೋಡಿನಲ್ಲಿ ಹರಿವು ಇಳಿಯುವ ನವೆಂಬರ್ ಡಿಸೆಂಬರಿನಲ್ಲಿ ಕಲ್ಲು, ಮಣ್ಣು, ಹಲಗೆಗಳಿಂದ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕುವ ಪದ್ಧತಿ ಏತಡ್ಕದಂಥ ಊರುಗಳಲ್ಲಿ ಊರವರ ಒಗ್ಗಟ್ಟಿನಿಂದ ಉಳಿದುಬಂದಿದೆ. ಒಬ್ಬನೇ ಕಟ್ಟುವ ಕಟ್ಟಕ್ಕಿಂತ ಒಂದೇ ತೋಡಿಗೆ ಸಾಲಾಗಿ ಹಾಕುವ ಕಟ್ಟಗಳು ಇಕ್ಕೆಲದ ಬಾವಿಗಳನ್ನು ಹೆಚ್ಚು ಕಾಲ ತುಂಬಿಡುತ್ತವೆ.

ಒಂದು ಎಚ್ಚರಿಕೆ. ಮನೆಯ ಹಿಂದಿನ ಕಡಿದಾದ ಬರೆಯ (ಮಣ್ಣಿನ ದಿಬ್ಬದ) ಮೇಲೆ, ಕೆಳಗೆ ಜೇಡಿಮಣ್ಣಿರುವ ಇಳಿಜಾರಿನಲ್ಲಿ ಇಂಗುಗುಂಡಿ ತೋಡಬಾರದು. ಅಲ್ಲಿ ನೀರು ಇಂಗಿಸಿದರೆ ಬರೆಯೇ ಜರಿಯಬಹುದು. ಅಂಥ ಜಾಗದಲ್ಲಿ ಲಾವಂಚ ನೆಟ್ಟು ನೀರನ್ನು ಪಕ್ಕಕ್ಕೆ ಬಿಡುವುದೇ ಸರಿ.

ಕೊಳೆರೋಗ ಮತ್ತು ರಸಗೊಬ್ಬರ

ಇಲ್ಲಿ ಹಠ ಬೇಡ. ಮೇ ಕೊನೆಯಲ್ಲಿ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಶೇಕಡಾ ಒಂದರ ಬೋರ್ಡೋ, ಅಂದರೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣ, ಹೊಡೆಯದಿದ್ದರೆ ಕೊಳೆರೋಗ ಇಡೀ ಫಸಲನ್ನು ನೆಲಕ್ಕೆ ಕೆಡವಬಹುದು, ಮತ್ತು ಫಸಲು ಕಳೆದುಕೊಂಡ ಕೃಷಿಕ ಮರುವರ್ಷ ಮಣ್ಣಿನ ಮಾತನ್ನೇ ಕೇಳುವುದಿಲ್ಲ. ಆದರೆ ಮೈಲುತುತ್ತಿನ ತಾಮ್ರ ಕರಗಿ ಹೋಗದೆ ಮಣ್ಣಿನಲ್ಲಿ ಸೇರುತ್ತಲೇ ಇರುತ್ತದೆ, ಎರೆಹುಳುಗಳಿಗೂ ಶಿಲೀಂಧ್ರಗಳಿಗೂ ಅದು ಒಳ್ಳೆಯದಲ್ಲ. ಆದ್ದರಿಂದ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು ಎಂಬ ಪ್ರಮಾಣವನ್ನು ಮೀರದೆ, ಗೊನೆಗೆ ಮಾತ್ರ ಬೀಳುವಂತೆ ಹೊಡೆಯಬೇಕು. ಬಿದ್ದ ಕೊಳೆಯಡಿಕೆಯನ್ನು ಹೆಕ್ಕಿ ತೋಟದ ಹೊರಗೆ ಹಾಕಬೇಕು. ‘ಇನ್ನೊಂದು ಸುತ್ತು ಇರಲಿ’ ಎಂಬ ಭಯದ ಸಿಂಪಡಣೆಯನ್ನು ಮೊದಲು ಬಿಡಿ.

ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ ತಲಾ 12 ಕಿಲೋ ಹಸಿಸೊಪ್ಪು ಮತ್ತು ಕಾಂಪೋಸ್ಟ್ ಎಂಬುದು ರೂಢಿಯ ಶಿಫಾರಸು. ಒಂದೇ ವರ್ಷದಲ್ಲಿ ರಸಗೊಬ್ಬರವನ್ನು ಸೊನ್ನೆಗೆ ಇಳಿಸಿದರೆ ಇಳುವರಿ ಕುಸಿಯುತ್ತದೆ. ಹೊದಿಕೆ ಬೆಳೆ ಹಿಡಿದ ಮೇಲೆ ಮೊದಲು ಯೂರಿಯಾದ ಕಾಲುಭಾಗ ಕಡಿಮೆ ಮಾಡಿ; ಪೊಟ್ಯಾಷನ್ನು ಕೊನೆಯವರೆಗೂ ಉಳಿಸಿಕೊಳ್ಳಿ, ಏಕೆಂದರೆ ಮಳೆಗೆ ಮುರಮಣ್ಣಿನಿಂದ ಬೇಗ ತೊಳೆದುಹೋಗುವ ಪೋಷಕಾಂಶ ಅದು.

ಗದ್ದೆಯುಳಿಸಿಕೊಂಡವರು ಎಣೆಲು, ಅಂದರೆ ಮಳೆಗಾಲದ ಭತ್ತದ, ಕೊಯ್ಲಿನ ನಂತರ ಉದ್ದು ಅಥವಾ ಹೆಸರು ಬಿತ್ತಿ ನೆಲವನ್ನು ಹಸಿರಾಗಿಡಬಹುದು. ಈ ಮಣ್ಣಿಗೆ ಹೊಂದುವ ತಳಿಗಳ ಕೊರತೆಯಂತೂ ಇಲ್ಲ: ಬೆಳ್ಳೂರಿನ ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿ ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಕ್ಕಾಗಿ 2024ರಲ್ಲಿ ಪದ್ಮಶ್ರೀ ಪಡೆದರು.

ಪರಿಸರಕ್ಕೆ ಆಗುವ ಲಾಭದ ಲೆಕ್ಕ

ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 800 ಟನ್ ತೂಗುತ್ತದೆ. ಅದರಲ್ಲಿ ಸಾವಯವ ಇಂಗಾಲ ಶೇಕಡಾ 0.1ರಷ್ಟು ಏರಿದರೆ 800 ಕಿಲೋ ಇಂಗಾಲ ಮಣ್ಣು ಸೇರಿದಂತೆ. ಗಾಳಿಯ ಲೆಕ್ಕದಲ್ಲಿ ಅದು ಮೂರು ಟನ್ನಿಗೆ ಹತ್ತಿರದ ಇಂಗಾಲಾಮ್ಲ (ಕಾರ್ಬನ್ ಡೈಆಕ್ಸೈಡ್). ಆದರೆ ಈ ಏರಿಕೆ ನಿಧಾನ, ಒಂದು ಹಂತದಲ್ಲಿ ನಿಲ್ಲುವಂಥದ್ದು, ಮತ್ತೆ ಅಗೆದು ಬರಿದು ಮಾಡಿದರೆ ಕಳೆದುಹೋಗುವಂಥದ್ದು. ಹೀಗಾಗಿ ಇಂಗಾಲ ಮಾರಿ ಹಣ ಮಾಡಬಹುದೆಂದು ಯಾರಾದರೂ ಹೇಳಿದರೆ ಅವಸರಪಡದಿರುವುದು ಲೇಸು. ಯೂರಿಯಾ ಕಡಿಮೆಯಾದಷ್ಟೂ ಮಣ್ಣಿನಿಂದ ಏಳುವ ನೈಟ್ರಸ್ ಆಕ್ಸೈಡ್ ಕಡಿಮೆಯಾಗುತ್ತದೆ. ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು ಇಂಗಾಲಾಮ್ಲಕ್ಕಿಂತ ಸುಮಾರು 270 ಪಟ್ಟು ಬಲವಾದ ಅನಿಲ. ಪಯಸ್ವಿನಿ, ಶಿರಿಯಾ, ಉಪ್ಪಳ ಹೊಳೆಗಳಿಗೆ ಹರಿದುಹೋಗುವ ಕೆಮ್ಮಣ್ಣು ಮತ್ತು ಗೊಬ್ಬರವೂ ಇಳಿಯುತ್ತದೆ.

ವಿಷ ಕಡಿಮೆಯಾಗುವುದರ ಬೆಲೆಯನ್ನು ಈ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಪಡ್ರೆ, ಸ್ವರ್ಗ, ಮುಳಿಯಾರಿನ ಕಡೆಯ ಮನೆಗಳಲ್ಲಿ ಎಂಥ ಕಾಯಿಲೆಗಳನ್ನು ಉಳಿಸಿ ಹೋಯಿತೆಂಬುದು ಗೊತ್ತಿರುವ ಸಂಗತಿ. ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆದದ್ದು 2011ರ ಮೇ 13ರಂದು.

ನೋಟ್‌ಪುಸ್ತಕವನ್ನು ಮುಂದುವರಿಸಿ. ಪ್ರತಿ ವರ್ಷ ನವೆಂಬರಿನಲ್ಲಿ ಅದೇ ಮೂರು ಜಾಗಗಳಲ್ಲಿ ಪೈಪು ಬಡಿದು ನೀರು ಇಂಗುವ ಸಮಯವನ್ನು ಬರೆಯಿರಿ, ಎರೆಹುಳು ಎಣಿಸಿ. ಮಣ್ಣು ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಸಾಕು. ಜನವರಿಯಿಂದ ಮೇವರೆಗೆ ಪ್ರತಿ ತಿಂಗಳ ಒಂದನೇ ತಾರೀಕಿನಂದು, ಪಂಪು ಹಾಕುವ ಮೊದಲು, ಬಾವಿಗೆ ಹಗ್ಗ ಇಳಿಸಿ ನೀರಿನ ಮಟ್ಟವನ್ನೂ ಗುರುತು ಮಾಡಿ. ಮೂರನೆಯ ವರ್ಷದ ಅಂಕಿಗಳನ್ನು ಮೊದಲ ವರ್ಷದ ಪುಟದ ಪಕ್ಕದಲ್ಲಿಟ್ಟು ನೋಡಿದ ನಂತರವೇ, ಎರಡನೆಯ ಕಾಲು ಎಕರೆಗೆ ಕೈಹಾಕಬೇಕೋ ಬೇಡವೋ ಎಂದು ತೀರ್ಮಾನಿಸಿ.